ಪಡಸಾಲೆಯ ಪ್ರಹಸನ: ಕೈಲಾಸಂ ನಾಟಕಗಳು ಮತ್ತು ಬೆಂಗಳೂರಿನ ಹವ್ಯಾಸಿ ರಂಗ

ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ಚರಿತ್ರೆಯನ್ನು ಸಾಮಾನ್ಯವಾಗಿ 1909ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನಿಂದ ಆರಂಭಿಸುವುದು ವಾಡಿಕೆ. ವಿದ್ಯಾವಂತರು ಬಣ್ಣ ಹಚ್ಚುವುದಕ್ಕೆ ಈ ಸಂಸ್ಥೆ ಸಾಮಾಜಿಕ ಮನ್ನಣೆ ದೊರಕಿಸಿತೆಂಬುದು ನಿಜ. ಆದರೆ ಸಂಘ ಹುಟ್ಟಿದಾಕ್ಷಣ ಅದಕ್ಕೆ ತಕ್ಕ ನಾಟಕ ಹುಟ್ಟಲಿಲ್ಲ. ಗುಬ್ಬಿ ಕಂಪನಿಯಂತಹ ವೃತ್ತಿ ಮಂಡಳಿಗಳ ರಂಗಗೀತೆ, ಪರದೆ, ಕಿರೀಟಗಳ ವೈಭವವನ್ನು ಅನುಕರಿಸುವುದು ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವರ ಶಕ್ತಿಗೆ ಮೀರಿದ್ದಾಗಿತ್ತು.

ಈ ಕೊರತೆಯನ್ನು ನೀಗಿದವರು ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ. 1918ರ ಸುಮಾರಿಗೆ ರಚಿತವಾದ ‘ಟೊಳ್ಳು ಗಟ್ಟಿ’ಯಲ್ಲಿ ರಾಜನಿಲ್ಲ, ಋಷಿಯಿಲ್ಲ, ಇರುವುದು ಒಂದು ಮನೆ. ಪುಸ್ತಕದ ಹುಳುವಾದ ಪುಟ್ಟು, ಓದಿನಲ್ಲಿ ಹಿಂದುಳಿದರೂ ಮನೆಗೆ ಆಸರೆಯಾಗುವ ಮಾಧು ಎಂಬ ಇಬ್ಬರು ಮಕ್ಕಳಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದೇ ಅಲ್ಲಿಯ ಪ್ರಶ್ನೆ. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲ ಅಹೋಬಲುವಿನ ಒಣಜಂಬ, ‘ಪೋಲಿ ಕಿಟ್ಟಿ’ಯ ಒರಟುತನ ಇವೆಲ್ಲವೂ ಪ್ರೇಕ್ಷಕರಿಗೆ ಬಂಧುಬಳಗದಲ್ಲಿ ಪರಿಚಿತವಾದ ವೈಚಿತ್ರ್ಯಗಳೇ.

ಈ ನಾಟಕಗಳ ಭಾಷೆಯನ್ನು ವಿಮರ್ಶಕರು ಬಹುವಾಗಿ ಚರ್ಚಿಸಿದ್ದಾರೆ. ಅವುಗಳ ಮಿತವ್ಯಯದ ಬಗೆಗೆ ಅಷ್ಟಾಗಿ ಚರ್ಚೆ ನಡೆದಿಲ್ಲ. ಒಂದು ಪಡಸಾಲೆ, ಒಂದು ಮೇಜು, ಎರಡು ಮೂರು ಕುರ್ಚಿ: ಇಷ್ಟಿದ್ದರೆ ರಂಗ ಸಿದ್ಧ. ಕುರ್ಚಿಯನ್ನು ನಟನ ಮನೆಯಿಂದಲೇ ತರಬಹುದು. ಉಟ್ಟ ಬಟ್ಟೆಯೇ ವೇಷ. ಶಾಲೆಯ ಹಜಾರದಲ್ಲಾಗಲಿ ಗಣೇಶೋತ್ಸವದ ಚಪ್ಪರದಲ್ಲಾಗಲಿ ಆಡಬಹುದಾದ ನಾಟಕವೊಂದು ಹೀಗೆ ಬಡಾವಣೆಯ ಆಸ್ತಿಯಾಯಿತು.

ಒಂದು ತೊಡಕು ಮಾತ್ರ ಹೆಚ್ಚಿತು. ದ್ರೌಪದಿಯ ಪಾತ್ರವನ್ನು ಪುರುಷನು ವಹಿಸಿದಾಗ ಒಪ್ಪಿಕೊಳ್ಳುತ್ತಿದ್ದ ಪ್ರೇಕ್ಷಕರ ಮುಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಗೊಣಗುವ ತಾಯಿಯ ಪಾತ್ರವನ್ನು ಅವನೇ ವಹಿಸುವುದು ಕಠಿಣ ಪರೀಕ್ಷೆ. ಆ ತಾಯಿಯನ್ನು ಸಭೆಯಲ್ಲಿ ಕುಳಿತ ತಾಯಂದಿರೊಡನೆ ಹೋಲಿಸಿ ನೋಡುವುದು ಅನಿವಾರ್ಯವಾಗಿತ್ತು. ಹವ್ಯಾಸಿ ರಂಗಕ್ಕೆ ಸ್ತ್ರೀಯರು ಬರಲೇಬೇಕೆಂಬ ವಾದಕ್ಕೆ ಮನೆಯ ನಾಟಕವು ಸದ್ದಿಲ್ಲದೆ ಬಲ ನೀಡಿತೆಂದರೆ ತಪ್ಪಾಗಲಾರದು.

ಸ್ವಾತಂತ್ರ್ಯಾನಂತರ ನಗರದ ಉತ್ತರಭಾಗ ಬೆಳೆಯಿತು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಗಳು ಸ್ಥಾಪನೆಯಾದವು. ಪಾಳಿಯ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ನೌಕರರ ಲಲಿತಕಲಾ ಸಂಘಗಳು ಕನ್ನಡ ನಾಟಕಗಳನ್ನು ಆಡತೊಡಗಿದವು. ಅಲ್ಪ ಖರ್ಚಿನ ಸಾಮಾಜಿಕ ಪ್ರಹಸನದ ಮಾದರಿ ಆ ವೇಳೆಗೆ ಅವರ ಮುಂದೆ ಸಿದ್ಧವಾಗಿತ್ತು. ಆದರೆ ಕೈಲಾಸಂ ಬಳಸಿದ್ದು ಹಳೆಯ ಮೈಸೂರಿನ ವಿದ್ಯಾವಂತ ಬ್ರಾಹ್ಮಣ ಮನೆಗಳ, ಇಂಗ್ಲಿಷ್ ಬೆರೆತ ಆಡುನುಡಿ. ಬೇರೆ ಬೇರೆ ಊರು, ಜಾತಿ, ನುಡಿಗಳಿಂದ ಬಂದು ಯಂತ್ರದ ಮುಂದೆ ನಿಂತವರಿಗೆ ಅದು ಮನೆಮಾತಾಗಿರಲಿಲ್ಲ. ಕಲಿತು ಆಡಬೇಕಾದ ಮಾತಾಗಿತ್ತು. ಕೈಲಾಸಂ ಎಲ್ಲರ ನಾಟಕಕಾರರೆಂದು ಹೇಳುವಾಗ ಈ ಅಂತರವನ್ನು ಮರೆಯುವುದು ನ್ಯಾಯವಲ್ಲ. ಇಂಗ್ಲಿಷ್ ಬೆರಕೆಯೇ ನಗೆಯ ಮೂಲವಾಗಿದ್ದ ಸಂಭಾಷಣೆ, ಆ ಬೆರಕೆ ಬೀದಿಬೀದಿಯ ಮಾತಾದ ಮೇಲೆ ತನ್ನ ಮೊನಚನ್ನು ಕಳೆದುಕೊಂಡದ್ದೂ ಸಹಜವೇ.

ಪಠ್ಯದ ಸಮಸ್ಯೆ ಬೇರೆಯೇ ಇದೆ. ಕೈಲಾಸಂ ಕುಳಿತು ಬರೆದವರಲ್ಲ. ಅವರು ಹೇಳುತ್ತಿದ್ದರು, ಶಿಷ್ಯರು ಬರೆದುಕೊಳ್ಳುತ್ತಿದ್ದರು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಮರುವರ್ಷವೇ ಅವರು ತೀರಿಕೊಂಡರು. ಬಾಯಿಮಾತಿನಲ್ಲಿ ಹುಟ್ಟಿದ ನಾಟಕವನ್ನು ಬಾಯಿಗೆ ಬಂದಂತೆ ತಿದ್ದಬಹುದೆಂಬ ಸಲಿಗೆ ತಂಡಗಳಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಚಪ್ಪಾಳೆಗಾಗಿ ಸೇರಿಸಿದ ಚಟಾಕಿಗಳ ಅಬ್ಬರದಲ್ಲಿ ‘ಟೊಳ್ಳು ಗಟ್ಟಿ’ಯ ಒಡಲಿನ ನೋವು ಮುಚ್ಚಿಹೋಗುತ್ತದೆ. ‘ಬಹಿಷ್ಕಾರ’ದಂತಹ ದುರಂತವನ್ನು ಬರೆದವರೂ ಇವರೇ ಎಂಬುದನ್ನು ನೆನಪಿಡದ ಪ್ರಯೋಗ ಬರಿಯ ಗೇಲಿಯಾಗಿಬಿಡುತ್ತದೆ.

ಎಚ್.ಎಂ.ಟಿ.ಯ ಕೈಗಡಿಯಾರ ಘಟಕವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಕಾರ್ಖಾನೆಗಳು ನೌಕರರ ಸಂಖ್ಯೆಯನ್ನು ತಗ್ಗಿಸಿದಂತೆಲ್ಲ ಅವುಗಳ ವಸತಿಗಳ ರಂಗಚಟುವಟಿಕೆಯೂ ಸೊರಗಿತು. 1972ರಲ್ಲಿ ‘ನಟರಂಗ’ವನ್ನು ಕಟ್ಟಿದ ಸಿ.ಆರ್. ಸಿಂಹ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಏಕವ್ಯಕ್ತಿ ಪ್ರಯೋಗದಿಂದ ಹೊಸ ತಲೆಮಾರಿಗೆ ಆ ಹೆಸರನ್ನು ಮುಟ್ಟಿಸಿದರು. 2014ರಲ್ಲಿ ನಿಧನರಾದ ಸಿಂಹರ ಆ ರಂಗದಲ್ಲಿ ಪುಟ್ಟು, ಮಾಧು, ಅಹೋಬಲುಗಳ ತುಂಬು ಸಂಸಾರ ನಟರಾಗಿ ಬಂದು ನಿಲ್ಲುತ್ತಿರಲಿಲ್ಲ. ಅವರನ್ನೆಲ್ಲ ಸೃಷ್ಟಿಸಿದ ವಿಲಕ್ಷಣ ಮನುಷ್ಯನೊಬ್ಬನೇ ಪಾತ್ರವಾಗಿದ್ದನು.