ವಾಲ್ವು "ಹೂಂ" ಅನ್ನೋವರೆಗೂ...

ಸೋಮವಾರ ಬೆಳಿಗ್ಗೆ ಎಂಟೂಕಾಲು ಅಂದ್ರೆ ನನಗೆ ಈಗೀಗ ಭಯ. ಸರಿಯಾಗಿ ಆ ಹೊತ್ತಿಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಿಂದ ಫೋನ್ ಬರುತ್ತಿತ್ತು. "ಸರ್, ಮತ್ತೆ ಅದೇ. ಎರಡನೇ ವಾಲ್ವ್ ಫೀಡ್‌ಬ್ಯಾಕ್ ಎರರ್. ಪ್ರೆಸ್ ನಿಂತಿದೆ." ರೀಸೆಟ್ ಮಾಡಿದರೆ ಓಡುತ್ತೆ. ಶನಿವಾರದವರೆಗೂ ಏನೂ ತಕರಾರಿಲ್ಲ. ಭಾನುವಾರ ರಜೆ ಮುಗಿಸಿ ಬಂದ ಮೇಲೆ ಮತ್ತೆ ಮುನಿಸು!

ಆ ಪವರ್ ಪ್ರೆಸ್ಸಿನ ಸೇಫ್ಟಿ ಕಂಟ್ರೋಲರಿಗೆ ಪ್ರೋಗ್ರಾಂ ಬರೆದದ್ದು ನಾವು. ನಾಲ್ಕನೇ ಸೋಮವಾರ ಮೇಂಟೆನೆನ್ಸ್ ಸೂಪರ್‌ವೈಸರ್ ಬೇಸತ್ತು, "ಅದೊಂದು ಚೆಕ್ ತೆಗೆದುಬಿಡಿ ಸರ್. ಪ್ರೆಸ್ ಚೆನ್ನಾಗೇ ನಿಲ್ತಿದೆಯಲ್ಲ" ಅಂದರು. ನನಗೂ ಅದು ನ್ಯಾಯ ಅನ್ನಿಸಿತು. ಕಾಯುವ ಸಮಯ 100 ಮಿಲಿಸೆಕೆಂಡ್ ಇದ್ದದ್ದನ್ನು 500 ಮಾಡಿದರೆ ಮುಗೀತು, ಒಂದು ಅಂಕಿ ಬದಲಾಯಿಸುವ ಕೆಲಸ. ಲ್ಯಾಪ್‌ಟಾಪ್ ತೆರೆದಾಗ ನಮ್ಮ ಲೀಡ್ ಹಿಂದೆ ಬಂದು ನಿಂತರು. "ಮಾಡು ಕಣಯ್ಯಾ, ಬೇಡ ಅನ್ನಲ್ಲ. ಆದ್ರೆ ಅದನ್ನ ಮೊದಲು ಯಾಕೆ ಹಾಕಿದ್ರು ಅಂತ ನನಗೆ ಹೇಳಿ ಆಮೇಲೆ ತೆಗಿ" ಅಂದರು.

ಹೇಳೋಕೆ ನನಗೆ ಬರಲಿಲ್ಲ. ಇಂಜಿನಿಯರಿಂಗ್ ನಾಲ್ಕು ವರ್ಷ ಓದಿದ್ದೆ, ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಆ ವಾರವಿಡೀ ಹುಡುಕಿ ಓದಿದ್ದನ್ನು ಇಲ್ಲಿ ಬರೆದಿಡ್ತಿದೀನಿ.

*

ಕಥೆ ಪ್ರೆಸ್ಸಿನಿಂದಲ್ಲ, ರೈಲಿನಿಂದ ಶುರುವಾಗುತ್ತೆ. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ. ಆಗ ಅವನಿಗೆ 22 ವರ್ಷ. ಇಂಜಿನ್ನಿನಲ್ಲಿ ಗಾಳಿ ತುಂಬಿಟ್ಟುಕೊಂಡು, ಬೇಕಾದಾಗ ಪೈಪಿನ ಮೂಲಕ ಬೋಗಿಗಳಿಗೆ ಕಳಿಸಿ ಬ್ರೇಕ್ ಹಾಕುವುದು. ಒಳ್ಳೆಯ ಉಪಾಯವೇ. ಆದರೆ ಪೈಪು ಹರಿದರೆ? ಗಾಳಿ ತಲುಪುವುದಿಲ್ಲ, ಬ್ರೇಕೂ ಇಲ್ಲ. ಬ್ರೇಕ್ ಅತ್ಯಂತ ಬೇಕಾದ ಗಳಿಗೆಯಲ್ಲೇ ಅದು ಕೈಕೊಡುತ್ತೆ!

1872ರಲ್ಲಿ ವೆಸ್ಟಿಂಗ್‌ಹೌಸ್ ಇದನ್ನೇ ತಿರುವಿಹಾಕಿದ. ಪೈಪಿನಲ್ಲಿ ಸದಾ ಗಾಳಿ ತುಂಬಿರಬೇಕು. ಪ್ರತಿ ಬೋಗಿಗೂ ತನ್ನದೇ ಗಾಳಿಯ ಟ್ಯಾಂಕು. ಪೈಪಿನ ಒತ್ತಡ ಇಳಿದರೆ ಬ್ರೇಕ್ ತಾನಾಗಿ ಬೀಳುತ್ತೆ. ಪೈಪು ಹರಿದರೂ ಅಷ್ಟೇ, ಬೋಗಿ ಕಳಚಿಕೊಂಡರೂ ಅಷ್ಟೇ. ಕೆಟ್ಟರೆ ಕ್ಷೇಮದ ಕಡೆಗೇ ಕೆಡಬೇಕು, ಅನ್ನುವ ತತ್ವ.

ಈ ತತ್ವಕ್ಕೆ ಕಾನೂನಿನ ಬಲ ಬಂದದ್ದು ಮಾತ್ರ ಜೀವಗಳು ಹೋದ ಮೇಲೆ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಹತ್ತಿರ ಸಂಡೇ ಸ್ಕೂಲ್ ಮಕ್ಕಳ ಪ್ರವಾಸದ ರೈಲೊಂದು ಏರಿನಲ್ಲಿ ನಿಂತುಬಿಟ್ಟಿತು. ರೈಲಿನ ಮುಂದಿನ ಭಾಗವನ್ನು ಮೊದಲು ಒಯ್ಯೋಣ ಅಂತ ನಡುವೆ ಬಿಡಿಸಿದರು. ಅದರದ್ದು ತಾನಾಗಿ ಬೀಳುವ ಬ್ರೇಕ್ ಅಲ್ಲ. ಬಿಡಿಸಿದ ಕೂಡಲೇ ಹಿಂದಿನ ಬೋಗಿಗಳಿಗೆ ಕೈಬ್ರೇಕು ಮತ್ತು ಚಕ್ರದಡಿ ಇಟ್ಟ ಕಲ್ಲುಗಳೇ ಗತಿ. ಅವು ತಡೆಯಲಿಲ್ಲ. ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದವು. ಸುಮಾರು 80 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಪ್ರಯಾಣಿಕರ ರೈಲುಗಳಿಗೆ ತಾನಾಗಿ ಬೀಳುವ ಬ್ರೇಕ್ ಕಡ್ಡಾಯ ಅಂತ ಬ್ರಿಟನ್ನು ಕಾಯ್ದೆ ಮಾಡಿದ್ದು ಅದೇ ವರ್ಷ.

*

ಈಗ ಪ್ರೆಸ್ಸಿಗೆ ಬರೋಣ. ತಗಡನ್ನು ಕತ್ತರಿಸುವ, ಬಗ್ಗಿಸುವ ಪವರ್ ಪ್ರೆಸ್ಸಿನಲ್ಲಿ ಭಾರಿ ಫ್ಲೈವೀಲ್ ಒಂದು ಸದಾ ತಿರುಗುತ್ತಿರುತ್ತೆ. ಕ್ಲಚ್ ಹಿಡಿದಾಗ ಆ ಶಕ್ತಿಯೆಲ್ಲ ಮೇಲಿನ ರ್‍ಯಾಮಿಗೆ ಬಂದು ಡೈ ಮೇಲೆ ಕುಟ್ಟುತ್ತೆ. ಹಳೆಯ ಪ್ರೆಸ್ಸುಗಳ ಕ್ಲಚ್ ಒಮ್ಮೆ ಹಿಡಿಯಿತು ಅಂದ್ರೆ ಪೂರ್ತಿ ಒಂದು ಸುತ್ತು ಮುಗಿಯುವವರೆಗೂ ಬಿಡುತ್ತಿರಲಿಲ್ಲ. ನಡುವೆ ಕೈ ಸಿಕ್ಕಿದರೆ ಸಿಕ್ಕಿತು. ಆಮೇಲೆ ಬಂದ ಗಾಳಿಯ ಕ್ಲಚ್ಚನ್ನು ನಡುವೆಯೇ ಬಿಡಿಸಬಹುದಿತ್ತು. ಗಾಳಿ ಬಂದರೆ ಕ್ಲಚ್ ಹಿಡಿಯುತ್ತೆ, ಗಾಳಿ ಹೋದರೆ ಸ್ಪ್ರಿಂಗು ಬ್ರೇಕ್ ಹಾಕುತ್ತೆ. ವೆಸ್ಟಿಂಗ್‌ಹೌಸನ ತತ್ವವೇ ಅಲ್ವಾ?

ಆದರೆ ಇಲ್ಲೊಂದು ಹೊಸ ತೊಂದರೆ. ರೈಲಿನ ಭಯ ಗಾಳಿ ಹೋಗಿಬಿಟ್ಟರೆ ಅಂತ. ಪ್ರೆಸ್ಸಿನ ಭಯ ಗಾಳಿ ಹೋಗದೇ ಇದ್ದರೆ ಅಂತ! ಕ್ಲಚ್ಚಿಗೆ ಗಾಳಿ ಬಿಡುವ, ಹೊರಹಾಕುವ ಕೆಲಸ ಒಂದು ವಾಲ್ವಿನದು. ಅದರೊಳಗೆ ಸ್ಪೂಲ್ ಅನ್ನುವ ಸಣ್ಣ ಉರುಳೆ ಹಿಂದೆ ಮುಂದೆ ಜಾರುತ್ತೆ. ಕಂಪ್ರೆಸರಿನ ಎಣ್ಣೆ, ನೀರು, ಪೈಪಿನ ತುಕ್ಕು ಎಲ್ಲ ಸೇರಿ ಸ್ಪೂಲ್ ಅಂಟಿಕೊಂಡರೆ ಕರೆಂಟು ಕಿತ್ತರೂ ಗಾಳಿ ಒಳಗೇ ಇರುತ್ತೆ. ಎಮರ್ಜೆನ್ಸಿ ಸ್ಟಾಪ್ ಒತ್ತಿದರೂ ರ್‍ಯಾಮ್ ಇಳಿಯುತ್ತಲೇ ಇರುತ್ತೆ. ನಾವು ಪ್ರೋಗ್ರಾಂನಲ್ಲಿ "ಮುಚ್ಚು" ಅಂತ ಬರೆದದ್ದು ಆಜ್ಞೆ ಮಾತ್ರ, ಮುಚ್ಚಿತು ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಉಪಾಯ ಏನು? 20ನೇ ಶತಮಾನದ ನಡುವಿನ ಹೊತ್ತಿಗೆ ಜೋಡಿ ವಾಲ್ವುಗಳು ಬಂದವು. ಒಂದೇ ಮೈಯೊಳಗೆ ಎರಡು ವಾಲ್ವು. ಎರಡೂ ತೆರೆದರೆ ಮಾತ್ರ ಕ್ಲಚ್ಚಿಗೆ ಗಾಳಿ, ಎರಡರಲ್ಲಿ ಯಾವುದೊಂದು ಮುಚ್ಚಿದರೂ ಗಾಳಿ ಹೊರಗೆ. ಒಂದು ಅಂಟಿಕೊಂಡರೆ ಇನ್ನೊಂದು ಕಾಪಾಡುತ್ತೆ.

ನಿಶ್ಚಿಂತೆ ಅನ್ನಿಸುತ್ತೆ, ಅಲ್ವಾ? ಬಾವಿಯ ಹಗ್ಗ ನೆನಪಿಸಿಕೊಳ್ಳಿ. ಎರಡು ಎಳೆಯ ಹಗ್ಗದಲ್ಲಿ ಒಂದೆಳೆ ಕಡಿದರೂ ಕೊಡ ಮೇಲೆ ಬರುತ್ತೆ. ಯಾರಿಗೂ ಗೊತ್ತಾಗಲ್ಲ. ಮಾರನೇ ದಿನವೂ ಬರುತ್ತೆ. ಎರಡೆಳೆ ಇದೆ ಅನ್ನುವ ಧೈರ್ಯದಲ್ಲಿ ನಾವು ಒಂದೆಳೆಯಲ್ಲಿ ನೀರು ಸೇದುತ್ತಿರುತ್ತೇವೆ. ಜೋಡಿ ವಾಲ್ವಿನ ಕಥೆಯೂ ಇದೇ. ಮೊದಲನೆಯದು ಕೆಟ್ಟಾಗ ಏನೂ ಆಗುವುದಿಲ್ಲ, ಅದೇ ಅಪಾಯ.

ಹಾಗಾಗಿ ಯಾರಾದರೂ ಆಗಾಗ ನೋಡುತ್ತಿರಬೇಕು. ಬ್ರಿಟನ್ನಿನ 1965ರ ಪವರ್ ಪ್ರೆಸ್ ನಿಯಮಗಳು ಈ ಕೆಲಸವನ್ನು ಮನುಷ್ಯನಿಗೆ ಒಪ್ಪಿಸಿದವು. ಶಿಫ್ಟಿನ ಮೊದಲ 4 ಗಂಟೆಯೊಳಗೆ ನೇಮಕಗೊಂಡ ವ್ಯಕ್ತಿ ಪ್ರೆಸ್ಸಿನ ರಕ್ಷಣಾ ಸಾಧನಗಳನ್ನು ಪರೀಕ್ಷಿಸಿ ಸಹಿ ಹಾಕಬೇಕು. ಅಮೆರಿಕದಲ್ಲಿ 1970ರಲ್ಲಿ ಕಾರ್ಮಿಕರ ಸುರಕ್ಷತೆಯ ಕಾಯ್ದೆ ಬಂತು. ಅದರಡಿ ಆ ದಶಕದಲ್ಲಿ ರೂಪುಗೊಂಡ ಪ್ರೆಸ್ ನಿಯಮ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಸಾರ ಇಷ್ಟು: ಕಂಟ್ರೋಲಿನಲ್ಲಿ ಏನೇ ಕೆಟ್ಟರೂ ಪ್ರೆಸ್ ನಿಲ್ಲುವುದಕ್ಕೆ ಅಡ್ಡಿಯಾಗಬಾರದು, ಆದರೆ ಕೆಟ್ಟದ್ದು ಸರಿಯಾಗುವವರೆಗೂ ಮುಂದಿನ ಸ್ಟ್ರೋಕಿಗೆ ಅಡ್ಡಿಯಾಗಬೇಕು.

ಈ ವಾಕ್ಯ ಓದಿ ನಾನು ಸುಮ್ಮನೆ ಕೂತೆ. ಸೋಮವಾರದ ಫೋನಿಗೆ ಉತ್ತರ ಇದರಲ್ಲೇ ಇತ್ತು. "ಪ್ರೆಸ್ ಚೆನ್ನಾಗೇ ನಿಲ್ತಿದೆಯಲ್ಲ" ಅನ್ನುವುದು ಮೊದಲರ್ಧ. ಮುಂದಿನ ಸ್ಟ್ರೋಕ್ ಕೊಡದೆ ಹಟ ಹಿಡಿದದ್ದು ಎರಡನೆಯರ್ಧ. ಯಂತ್ರ ಮಾಡಿದ್ದು ತನ್ನ ಕೆಲಸವನ್ನೇ!

*

ವಾಲ್ವು ಬಾಯಿಬಿಟ್ಟು ಹೇಳಲಿ ಅಂತ ಸ್ವಿಚ್ ಕೂರಿಸಿದ್ದಾಯಿತು. ಆದರೆ ಅದು ಹೇಳಿದ್ದನ್ನು ಕೇಳುವವನೇ ಕಿವುಡಾದರೆ? ರಿಲೇಯ ಕಾಂಟ್ಯಾಕ್ಟು ಬೆಸೆದು ಅಂಟಿಕೊಳ್ಳಬಹುದು. ಅದಕ್ಕೇ ಎಲ್ಲ ಕಾಂಟ್ಯಾಕ್ಟುಗಳೂ ಯಾಂತ್ರಿಕವಾಗಿ ಒಂದಕ್ಕೊಂದು ಕಟ್ಟಿದಂತಿರುವ ರಿಲೇಗಳು ಬಂದವು. ಒಂದು ಅಂಟಿದರೆ ಅದರ ಎದುರು ಜೋಡಿ ಮುಚ್ಚಲಾರದು, ಮೋಸ ಗೊತ್ತಾಗುತ್ತೆ. ಇಂಥ ರಿಲೇಗಳನ್ನು ಒಂದು ಡಬ್ಬಿಯಲ್ಲಿ ಜೋಡಿಸಿ ಜರ್ಮನಿಯ ಪಿಲ್ಜ್ ಕಂಪನಿ 1987ರಲ್ಲಿ ಪಿಎನ್‌ಒಝಡ್ ಅನ್ನುವ ಸೇಫ್ಟಿ ರಿಲೇ ತಂದಿತು. ಇವತ್ತಿಗೂ ಹಳೆಯ ಪ್ಯಾನೆಲ್ ತೆಗೆದರೆ ಆ ಹಳದಿ ಡಬ್ಬಿ ಕಣ್ಣಿಗೆ ಬೀಳುತ್ತೆ.

ನಮ್ಮಂಥ ಸಾಫ್ಟ್‌ವೇರಿನವರಿಗೆ ಈ ಮನೆಯೊಳಗೆ ಪ್ರವೇಶ ಸಿಕ್ಕಿದ್ದು ಬಹಳ ತಡವಾಗಿ. 1968ರಲ್ಲಿ ಡಿಕ್ ಮೋರ್ಲಿ ಕಲ್ಪಿಸಿದ ಪಿಎಲ್‌ಸಿ ಮಾರನೇ ವರ್ಷವೇ ಕಾರ್ಖಾನೆ ಸೇರಿತು. ಆದರೂ ಎಮರ್ಜೆನ್ಸಿ ಸ್ಟಾಪ್ ಮಾತ್ರ ಅದರ ಕೈಗೆ ಕೊಡುತ್ತಿರಲಿಲ್ಲ. ಕಾರಣವಿದೆ. ಅದರ ಔಟ್‌ಪುಟ್ಟಿನ ಟ್ರಾನ್ಸಿಸ್ಟರ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿ, ಆನ್ ಆಗಿಯೇ ಉಳಿಯುತ್ತೆ. ಅಂದ್ರೆ ಅಪಾಯದ ಕಡೆಗೇ ಕೆಡುತ್ತೆ. 1995ರಲ್ಲಿ ಪಿಲ್ಜ್ ಕಂಪನಿಯೇ ಪ್ರೋಗ್ರಾಂ ಮಾಡಬಹುದಾದ ಸೇಫ್ಟಿ ಕಂಟ್ರೋಲರ್ ತಂದಿತು. ಇಂಥ ಕಂಟ್ರೋಲರುಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳು ಅದೇ ಲೆಕ್ಕ ಮಾಡಿ ಉತ್ತರ ತಾಳೆ ನೋಡುತ್ತವೆ. ಔಟ್‌ಪುಟ್ಟನ್ನು ಆಗಾಗ ಒಂದು ಕ್ಷಣ ಆರಿಸಿ, ಆರುತ್ತದೆಯೇ ಅಂತ ತಾವೇ ಪರೀಕ್ಷಿಸಿಕೊಳ್ಳುತ್ತವೆ. ಆ ಕ್ಷಣ ಎಷ್ಟು ಚಿಕ್ಕದೆಂದರೆ ವಾಲ್ವಿಗೆ ಅದು ತಿಳಿಯುವುದೇ ಇಲ್ಲ. ಅಮೆರಿಕದ ಎನ್‌ಎಫ್‌ಪಿಎ 79 ಅನ್ನುವ ಮಾನದಂಡ ಸುರಕ್ಷತೆಯ ಕೆಲಸಕ್ಕೆ ಇಂಥ ಕಂಟ್ರೋಲರುಗಳನ್ನು ಒಪ್ಪಿಕೊಂಡದ್ದು 2002ರ ಆವೃತ್ತಿಯಲ್ಲಿ.

ಯೂರೋಪಿನಲ್ಲಿ 1996ರ ಇಎನ್ 954-1 ಯಂತ್ರದ ಕಂಟ್ರೋಲುಗಳನ್ನು ದರ್ಜೆಗಳಾಗಿ ಹಂಚಿತು. ಅತಿ ಮೇಲಿನ ನಾಲ್ಕನೇ ದರ್ಜೆಗೆ ಬಾವಿ ಹಗ್ಗದ ಪಾಠವೇ ಷರತ್ತು: ದೋಷಗಳು ಒಂದರ ಮೇಲೊಂದು ಕೂಡಿಕೊಂಡರೂ ರಕ್ಷಣೆ ತಪ್ಪಬಾರದು. 2006ರ ಐಎಸ್‌ಒ 13849-1 ಇದಕ್ಕೆ ಅಂಕಿಗಳನ್ನು ಸೇರಿಸಿತು. ವಾಲ್ವಿನ ಸ್ಪೂಲ್ ಎಲ್ಲಿದೆ ಅಂತ ನೇರವಾಗಿ ನೋಡಿದರೆ ಅಪಾಯದ ದೋಷಗಳಲ್ಲಿ 99% ಪತ್ತೆಯಾಗುತ್ತವೆ ಅಂತ ಹಿಡಿಯಬಹುದು. ನೋಡದೇ ಇದ್ದರೆ ಸೊನ್ನೆ.

ಸವೆತಕ್ಕೂ ಲೆಕ್ಕ ಇದೆ. ತಯಾರಕರು ಬೇರೆ ಅಂಕಿ ಕೊಡದಿದ್ದರೆ, ಒಳ್ಳೆಯ ಗಾಳಿಯ ವಾಲ್ವುಗಳಲ್ಲಿ 10% ಅಪಾಯಕರವಾಗಿ ಕೆಡುವ ಹೊತ್ತಿಗೆ 2 ಕೋಟಿ ಸಲ ಆಡಿರುತ್ತವೆ ಅಂತ ಈ ಮಾನದಂಡ ಹಿಡಿಯುತ್ತೆ. 2 ಕೋಟಿ ಅಂದ್ರೆ ಬಹಳ ಅನ್ನಿಸುತ್ತೆ. ಪ್ರೆಸ್ಸು 5 ಸೆಕೆಂಡಿಗೊಮ್ಮೆ ಕುಟ್ಟುತ್ತೆ, ದಿನಕ್ಕೆ 16 ಗಂಟೆ, ವರ್ಷಕ್ಕೆ 240 ದಿನ ಅಂದುಕೊಳ್ಳಿ. ವರ್ಷಕ್ಕೆ 27,64,800 ಸಲ ಆಯಿತು. 2 ಕೋಟಿ ತೀರುವುದು ಏಳೂಕಾಲು ವರ್ಷದಲ್ಲಿ! ನಮ್ಮಲ್ಲಿ ಪ್ರೆಸ್ಸುಗಳು ಎಷ್ಟು ವರ್ಷ ದುಡಿಯುತ್ತವೆ ಅಂತ ನಿಮಗೇ ಗೊತ್ತು.

*

ಶನಿವಾರ ಪೀಣ್ಯಕ್ಕೆ ಹೋಗಿ ಸೂಪರ್‌ವೈಸರ್ ಜೊತೆ ಆ ವಾಲ್ವು ಬಿಚ್ಚಿಸಿದೆ. ಎರಡನೇ ಸ್ಪೂಲಿನ ಮೈಗೆಲ್ಲ ಕಂದು ಬಣ್ಣದ ಅಂಟು, ಹಲಸಿನಹಣ್ಣಿನ ಮೇಣದ ಹಾಗೆ. ಕಂಪ್ರೆಸರಿನ ಎಣ್ಣೆ ಕಾದು ಗಟ್ಟಿಯಾದದ್ದು. ವಾರವೆಲ್ಲ ಆಡುತ್ತಿದ್ದರೆ ಜಾರುತ್ತೆ, ಭಾನುವಾರ ಸುಮ್ಮನೆ ಕೂತರೆ ಹಿಡಿದುಕೊಳ್ಳುತ್ತೆ. ಅಷ್ಟು ವಾರ ಸೋಮವಾರದ ಮೊದಲ ಸ್ಟ್ರೋಕನ್ನು ನಿಲ್ಲಿಸಿದ್ದು ಮೊದಲನೇ ವಾಲ್ವು ಒಂದೇ.

ಹಾಗಾದರೆ ಮೊದಲನೆಯದು? ಅದನ್ನೂ ತೆಗೆದೆವು. ಅದಕ್ಕೂ ಅಂಟು ಶುರುವಾಗಿತ್ತು. ಎರಡೂ ಕುಡಿಯುವುದು ಒಂದೇ ಗಾಳಿ ಅಲ್ವಾ...

ನಾನು 100ನ್ನು 500 ಮಾಡಿದ್ದರೆ? ಕೈ ಚಾಚುವ ವೇಗ ಸೆಕೆಂಡಿಗೆ 1600 ಮಿಲಿಮೀಟರ್ ಅಂತ ಸುರಕ್ಷತೆಯ ಲೆಕ್ಕದಲ್ಲಿ ಹಿಡಿಯುತ್ತಾರೆ. ಎರಡೂ ವಾಲ್ವು 400 ಮಿಲಿಸೆಕೆಂಡ್ ತಡ ಮಾಡಿದರೂ ನನ್ನ ಪ್ರೋಗ್ರಾಂ "ಎಲ್ಲ ಸರಿ" ಅನ್ನುತ್ತಿತ್ತು. ಅಷ್ಟರಲ್ಲಿ ಕೈ 640 ಮಿಲಿಮೀಟರ್ ಒಳಗೆ ಹೋಗಿರುತ್ತೆ. ಅಂದ್ರೆ ಎರಡಡಿಗೂ ಹೆಚ್ಚು. ಡೈವರೆಗೂ ಅಷ್ಟು ದೂರ ಇರಲಿಲ್ಲ.

ಯಂತ್ರಕ್ಕೆ ಬೇಲಿ ಹಾಕಿ ಅಂತ 1948ರಷ್ಟು ಹಿಂದೆಯೇ ನಮ್ಮ ಫ್ಯಾಕ್ಟರೀಸ್ ಆಕ್ಟ್ ಹೇಳಿತ್ತು. ಆದರೂ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ಪ್ರಕಟಿಸಿದ "ಕ್ರಷ್ಡ್" ವರದಿಗಳನ್ನು ಓದಿದರೆ ಹೊಟ್ಟೆ ತೊಳಸುತ್ತೆ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಕಥೆ ಅವು. ಅದರಲ್ಲಿ ಮತ್ತೆ ಮತ್ತೆ ಬರುವ ಯಂತ್ರದ ಹೆಸರು ಪವರ್ ಪ್ರೆಸ್.

ವಾಲ್ವು ಬದಲಾಯಿತು, ಗಾಳಿಗೆ ಹೊಸ ಫಿಲ್ಟರ್ ಬಂತು. ಪ್ರೋಗ್ರಾಂನಲ್ಲಿ 100 ಹಾಗೇ ಇದೆ. ಹೊರಡುವಾಗ ಆ ಪ್ರೆಸ್ಸಿನ ಆಪರೇಟರ್ ಟೀ ತಂದುಕೊಟ್ಟರು. ಲೋಟ ಹಿಡಿದ ಹತ್ತು ಬೆರಳುಗಳನ್ನು ನಾನು ನನಗೇ ಗೊತ್ತಿಲ್ಲದ ಹಾಗೆ ಎಣಿಸುತ್ತಿದ್ದೆ.

ಈ ಸೋಮವಾರ ಎಂಟೂಕಾಲಿಗೆ ಫೋನ್ ಬರಲಿಲ್ಲ.