ಸೈಕಲ್ಲು, ಸೈರನ್ನು ಮತ್ತು ನಮ್ಮ ಎರಡು ಊರು

ಸೈಕಲ್ಲಿನಲ್ಲಿ ಆಫೀಸಿಗೆ ಹೋಗಲು ಶುರು ಮಾಡಿ ನಾಲ್ಕು ವರ್ಷ ಆಯ್ತು. ಶಿವಮೊಗ್ಗದ ವಿನೋಬನಗರದಿಂದ ಬಿ.ಎಚ್. ರಸ್ತೆಗೆ... ಹೋಗಿ ಬಂದರೂ ಎಂಟು ಕಿಲೋಮೀಟರ್ ಆಗಲ್ಲ. ಮೊದಲ ತಿಂಗಳು ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಯಾಕ್ರೀ, ಗಾಡಿ ರಿಪೇರಿಗೆ ಬಿಟ್ಟಿದೀರಾ?" ಎರಡನೇ ತಿಂಗಳು ಅದು "ಶುಗರ್ ಏನಾದ್ರೂ ಬಂತಾ?" ಅಂತ ಬದಲಾಯಿತು. ಅಂದರೆ ಒಬ್ಬ ಮನುಷ್ಯ ಸೈಕಲ್ ಹತ್ತಬೇಕಾದರೆ ಒಂದೋ ಅವನಿಗೆ ಏನೋ ಕೊರತೆ ಇರಬೇಕು, ಇಲ್ಲಾ ಏನೋ ಕಾಯಿಲೆ ಇರಬೇಕು!

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಲ್ಲಿ ನನ್ನ ಚಿಕ್ಕಂದಿನಲ್ಲಿ ಸೈಕಲ್ ಇಲ್ಲದ ಮನೆಯವರನ್ನು ಕಂಡರೆ ಜನ ಹೀಗೆ ವಿಚಾರಿಸುತ್ತಿದ್ದರು. ಇಷ್ಟು ಬೇಗ ಇದು ಹೇಗೆ ತಿರುಗಾ ಮುರುಗಾ ಆಯಿತು ಅನ್ನುವ ಪ್ರಶ್ನೆ ಪೆಡಲ್ ತುಳಿಯುವಾಗೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಗೊತ್ತಿದ್ದದ್ದನ್ನು, ಕೇಳಿದ್ದನ್ನು, ಓದಿದ್ದನ್ನು ಒಂದು ಕಡೆ ಜೋಡಿಸಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಾಫಿ ಇಟ್ಟುಕೊಂಡು ಓದಿ.

ಬೀಸೆಕಲ್ಲಿನ ಕಾಲ

ನಮ್ಮ ಜಿಲ್ಲೆಯ ಸೈಕಲ್ ಕತೆ ಅಂದ ಕೂಡಲೇ ನೆನಪಾಗುವುದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಪುಸ್ತಕ ಬಂದದ್ದು 1967ರಲ್ಲಿ, ಕತೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯಲ್ಲಿ. ಬೆಟ್ಟಳ್ಳಿ ದೇವಯ್ಯನ ಬೈಸಿಕಲ್ಲು ಅಲ್ಲಿಯ ಜನರ ಬಾಯಲ್ಲಿ 'ಬೀಸೆಕಲ್ಲು' ಆಗುತ್ತದೆ. ಎರಡೂ ಗಿರಗಿರ ತಿರುಗುವ ವಸ್ತುಗಳೇ ತಾನೆ!

ಓದಿ ನಗುವಾಗ ಒಂದು ವಿಷಯ ನಾವು ಗಮನಿಸುವುದಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚೂಕಮ್ಮಿ ಒಂದೇ ಅಳತೆಯ, ಚೈನ್ ಇರುವ ಸೈಕಲ್ ಮಾಡಿದ್ದು 1885ರಲ್ಲಿ. ಡನ್‌ಲಪ್ ಗಾಳಿ ತುಂಬಿದ ಟೈರು ತಂದದ್ದು 1888ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಹಾಗಾಗಿ ಕಾದಂಬರಿಯ ಕಾಲಕ್ಕೆ ಸೈಕಲ್ ಅನ್ನುವುದು ಲಂಡನ್ನಿನಲ್ಲೂ ಹೊಸ ವಸ್ತುವೇ. ಮಲೆನಾಡಿನವರು ಬಾಯಿಬಿಟ್ಟು ನೋಡಿದ್ದರಲ್ಲಿ ಹಳ್ಳಿಗುಗ್ಗುತನ ಏನೂ ಇಲ್ಲ. ಆದರೆ ಆಗ ಅದು ಉಳ್ಳವರ ಷೋಕಿ. ಅದನ್ನು ಕೂಲಿಯವರ, ಗುಮಾಸ್ತರ, ಮೇಷ್ಟ್ರುಗಳ ಗಾಡಿ ಮಾಡಿದ್ದು ಬೇರೆ ಸಂಗತಿ. ನಮ್ಮ ಕಡೆ ಅದನ್ನು ಮಾಡಿದ್ದು ಒಂದು ಕುಲುಮೆ ಅಂತ ನನ್ನ ಲೆಕ್ಕ.

ಕುಲುಮೆ ಆರಿಸುವಂತಿಲ್ಲ

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಅಲ್ಲಿಗೆ ಬೆಂಕಿ ಬಂತು. 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯ ಕೆಲಸ ಶುರು ಮಾಡಿತು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಅದೇ ವರ್ಷದಿಂದ 1929ರ ತನಕ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರು. ಸುತ್ತಲಿನ ಕಾಡಿನ ಮರ ಸುಟ್ಟು ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು, ಭದ್ರೆಯ ನೀರು. ಮುಂದೆ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಒಂದೂರಿಗೆ ಎರಡು ಕಾರ್ಖಾನೆ.

ಈಗ ಸೈಕಲ್ಲಿನ ವಿಷಯಕ್ಕೆ ಬನ್ನಿ. ಊದುಕುಲುಮೆಯನ್ನು ಮನೆಯ ಒಲೆಯ ಹಾಗೆ ಸಂಜೆ ಆರಿಸಿ ಬೆಳಿಗ್ಗೆ ಹಚ್ಚಲು ಆಗುವುದಿಲ್ಲ. ಒಳಗಿನ ಕಬ್ಬಿಣ ಗಟ್ಟಿಯಾದರೆ ಕುಲುಮೆಯೇ ಹಾಳು. ಆದ್ದರಿಂದ ಹಗಲೂ ರಾತ್ರಿ ಮೂರು ಪಾಳಿ. ಬೆಳಗಿನ ಜಾವ ಹೊರಡುವವನಿಗೆ, ನಡುರಾತ್ರಿ ಹೊತ್ತಿಗೆ ಮನೆ ಸೇರುವವನಿಗೆ ಯಾವ ಬಸ್ಸು ಕಾದಿರುತ್ತದೆ? ಗಾಡಿ ಅವನದೇ ಆಗಬೇಕು, ಅವನ ಸಂಬಳಕ್ಕೆ ಎಟುಕಬೇಕು. ಇನ್ನೊಂದು ಕಡೆ, ಕಾರ್ಖಾನೆಯವರು ಕೆಲಸಗಾರರಿಗೆ ಮನೆಗಳನ್ನು ಹತ್ತಿರದಲ್ಲೇ ಕಟ್ಟಿದ್ದರು. ನ್ಯೂಟೌನ್, ಆ ಕಡೆ ಪೇಪರ್ ಟೌನ್. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ನಾಲ್ಕೈದು ಕಿಲೋಮೀಟರಿನ ಒಳಗೆ. ನಡೆದು ಹೋದರೆ ದೂರ, ಸೈಕಲ್ಲಿಗೆ ಹತ್ತಿರ. ಯಾರೂ "ಸೈಕಲ್ ಊರು ಕಟ್ಟೋಣ" ಅಂತ ನಕ್ಷೆ ಬರೆಯಲಿಲ್ಲ, ಆದರೆ ಕಟ್ಟಿದ್ದು ಅದೇ ಆಯಿತು.

ಸೈರನ್ ಕೂಗಿದ ಹತ್ತು ನಿಮಿಷಕ್ಕೆ ಗೇಟಿನಿಂದ ಸೈಕಲ್ಲುಗಳು ಹೊರಡುತ್ತಿದ್ದದ್ದನ್ನು ನೋಡಿದವರಿಗೇ ಗೊತ್ತು. ರಸ್ತೆಯ ಈ ಬದಿಯಿಂದ ಆ ಬದಿಗೆ ಬರೀ ಸೈಕಲ್ಲು. ಹ್ಯಾಂಡಲ್ಲಿಗೆ ಟಿಫಿನ್ ಕ್ಯಾರಿಯರ್, ಪ್ಯಾಂಟಿನ ಕಾಲಿಗೆ ಕ್ಲಿಪ್ಪು. ಆ ಹೊತ್ತಿಗೆ ಲಾರಿಯವನೇ ಬದಿಗೆ ನಿಲ್ಲಿಸಿಕೊಂಡು ಕಾಯಬೇಕಿತ್ತು. ನಮ್ಮಪ್ಪನೂ ಅದರಲ್ಲೊಬ್ಬರು. ಅವರ ಹರ್ಕ್ಯುಲಿಸ್ ಮೂವತ್ತು ವರ್ಷ ಬಾಳಿತು. ಮುಂದಿನ ಬಾರಿನ ಮೇಲೆ ನಾನು, ಹಿಂದೆ ಕ್ಯಾರಿಯರ್ ಮೇಲೆ ಅಮ್ಮ, ಅಮ್ಮನ ತೊಡೆಯ ಮೇಲೆ ತಂಗಿ... ಹೀಗೆ ಹೊರಟರೆ ಅದು ನಮ್ಮ ಫ್ಯಾಮಿಲಿ ಕಾರು.

ಕಬ್ಬಿಣದ ಊರಿಗೆ ಸೈಕಲ್ ಬರುತ್ತಿದ್ದದ್ದು ಮಾತ್ರ ಹೊರಗಿನಿಂದ. ಮೊದಲು ಇಂಗ್ಲೆಂಡಿನ ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್ಎ. ಸ್ವಾತಂತ್ರ್ಯ ಬಂದ ಮೇಲೆ ಮದರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್, ಸೋನಿಪತ್‌ನಲ್ಲಿ ಅಟ್ಲಾಸ್ (1951), ಲೂಧಿಯಾನದಲ್ಲಿ ಹೀರೋ (1956). ದೇಶದಲ್ಲೇ ತಯಾರಾಗಲು ಶುರುವಾದ ಮೇಲೆ ಸೈಕಲ್ ಸಾಮಾನ್ಯ ಸಂಬಳದವನ ಕೈಗೆ ಸಿಕ್ಕಿತು.

ಬಿಲ್ಲೆ, ಡೈನಮೋ, ಬಾಡಿಗೆ ಅಂಗಡಿ

ಭದ್ರಾವತಿಗೆ ಕಾರ್ಖಾನೆ ಇದ್ದ ಹಾಗೆ ಶಿವಮೊಗ್ಗಕ್ಕೆ ಕಚೇರಿ, ಕಾಲೇಜು, ಮಂಡಿ. ಇಲ್ಲಿಯ ಸೈಕಲ್ ಸವಾರರು ಬೇರೆ ಬಗೆಯವರು. ಪೋಸ್ಟ್‌ಮ್ಯಾನು, ಪೇಪರ್ ಹಾಕುವ ಹುಡುಗ, ಹಾಲಿನ ಕ್ಯಾನಿನವನು, ಸಹ್ಯಾದ್ರಿ ಕಾಲೇಜಿನ ವಿದ್ಯಾರ್ಥಿ, ಗಾಂಧಿ ಬಜಾರಿನ ಅಂಗಡಿ ಗುಮಾಸ್ತ. ಸೈಕಲ್ ಆಗ ಲೆಕ್ಕಕ್ಕಿದ್ದ ವಾಹನ, ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಬೇಕು, ಕೊಟ್ಟ ಬಿಲ್ಲೆಯನ್ನು ಸೈಕಲ್ಲಿಗೆ ಸಿಕ್ಕಿಸಬೇಕು. ರಾತ್ರಿ ದೀಪ ಇಲ್ಲದೆ ಹೋದರೆ ಪೊಲೀಸರು ದಂಡ ಹಾಕುವರು, ಕೆಲವೊಮ್ಮೆ ಚಕ್ರದ ಗಾಳಿ ಬಿಟ್ಟು ಕಳಿಸುವರು. ಡಬಲ್ ರೈಡ್ ಹೋದರೂ ಅದೇ ಗತಿ. ಆಗ ಬೈದುಕೊಂಡಿರಬಹುದು. ಈಗ ಯೋಚಿಸಿದರೆ ದಂಡ ಹಾಕುವುದೂ ಒಂದು ಬಗೆಯ ಮರ್ಯಾದೆಯೇ. ಇವತ್ತು ನಾನು ದೀಪ ಹಾಕಿದರೂ ಬಿಟ್ಟರೂ ಯಾರೂ ಕೇಳುವುದಿಲ್ಲ.

ಇನ್ನು ಬಾಡಿಗೆ ಸೈಕಲ್ ಅಂಗಡಿ! ಗಂಟೆಗೆ ಇಷ್ಟು ಪೈಸೆ ಅಂತ ನೋಟ್‌ಬುಕ್ಕಿನಲ್ಲಿ ಹೆಸರು, ಟೈಮು ಬರೆದು ಕೊಡುತ್ತಿದ್ದರು. ಸೈಕಲ್ ನಮಗಿಂತ ಎತ್ತರ, ಹಾಗಾಗಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು. ಮಂಡಿ ತರಚದೆ ಸೈಕಲ್ ಕಲಿತವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಮೈಕಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಹಗಲೂ ರಾತ್ರಿ ಕೆಳಗಿಳಿಯದೆ ಸೈಕಲ್ ತುಳಿಯುವವರು ಊರೂರಿಗೆ ಬರುತ್ತಿದ್ದರು, ಅವರು ಸೈಕಲ್ ಮೇಲೇ ಹಲ್ಲುಜ್ಜುವುದನ್ನು ನೋಡಲು ನಾವು ಬೆಳಿಗ್ಗೆಯೇ ಓಡುತ್ತಿದ್ದೆವು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ಲು. ಬ್ರೇಕಿನ ರಬ್ಬರ್ ಒದ್ದೆಯಾಗಿ ಹಿಡಿಯದಿದ್ದಾಗ ಚಪ್ಪಲಿಯೇ ಬ್ರೇಕು.

ಹೋದದ್ದು ಯಾಕೆ?

ಜನ ಸೋಮಾರಿಗಳಾದರು ಅನ್ನುವುದು ಸುಲಭದ ಉತ್ತರ. ನನಗೆ ಅದು ಒಪ್ಪಿಗೆ ಇಲ್ಲ.

ಮೊದಲು ಬಂದದ್ದು 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50. ಎಂಬತ್ತರ ದಶಕದ ನಡುವೆ ಹೀರೋ ಹೋಂಡಾ. ಆಮೇಲೆ ಕಂತಿನ ಸಾಲ ಸುಲಭವಾಯಿತು. ಎಂಟು ಗಂಟೆ ಕುಲುಮೆ ಮುಂದೆ ನಿಂತವನು ವಾಪಸ್ ಹೋಗುವಾಗ ಪೆಡಲ್ ತುಳಿಯದೆ ಹೋಗಲು ಇಷ್ಟಪಟ್ಟರೆ ಅವನನ್ನು ಸೋಮಾರಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಎರಡನೆಯದು, ಕೆಲಸವೇ ಜಾಗ ಬದಲಾಯಿಸಿತು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ಪೂರ್ತಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕೆ ಕೂತರು, ಆಗಸ್ಟ್‌ನಲ್ಲಿ ಅದರ ಒಂದು ಭಾಗ ಮತ್ತೆ ಶುರುವಾಯಿತು. ಈ ನಡುವೆ ಭದ್ರಾವತಿಯ ಹುಡುಗರು ಕೆಲಸಕ್ಕಾಗಿ ಮಾಚೇನಹಳ್ಳಿಗೆ, ಶಿವಮೊಗ್ಗಕ್ಕೆ, ಬೆಂಗಳೂರಿಗೆ ಹೋಗತೊಡಗಿದರು. ನಾಲ್ಕು ಕಿಲೋಮೀಟರ್ ಇದ್ದದ್ದು ಹದಿನೆಂಟಾಯಿತು, ಮುನ್ನೂರಾಯಿತು. ಸೈರನ್ ಜೊತೆಗೆ ಸೈಕಲ್ಲೂ ಹೋಯಿತು ಅಂದದ್ದು ಇದಕ್ಕೇ.

ಮೂರನೆಯದು ರಸ್ತೆ. ಶಿವಮೊಗ್ಗ-ಭದ್ರಾವತಿ ನಡುವೆ ಅಂಥಾ ಏರೇನೂ ಇಲ್ಲ. ಎರಡೂ ಊರುಗಳ ಎತ್ತರದಲ್ಲಿ ವ್ಯತ್ಯಾಸ ಸುಮಾರು ಮೂವತ್ತು ಮೀಟರ್ ಅಷ್ಟೆ. ಕಾಲಿಗೆ ಕಷ್ಟವಲ್ಲದ ದಾರಿ ಅದು. ಆದರೆ ಹಿಂದೆ 206ನೇ ರಾಷ್ಟ್ರೀಯ ಹೆದ್ದಾರಿ ಅಂತಿದ್ದ ಆ ರಸ್ತೆಯಲ್ಲಿ ಈಗ ಬಸ್ಸು ಪಕ್ಕದಲ್ಲಿ ಹಾದರೆ ಗಾಳಿಗೇ ಹ್ಯಾಂಡಲ್ ಅಲುಗುತ್ತದೆ.

ರಸ್ತೆ ಬದಲಾದರೆ ಜನ ಬದಲಾಗುತ್ತಾರೆ ಅನ್ನುವುದಕ್ಕೆ ಹಾಲೆಂಡ್ ಸಾಕ್ಷಿ. ಅಲ್ಲಿಯವರು ಮೊದಲಿನಿಂದಲೂ ಹಾಗೇ ಅಂತ ನಾವು ತಿಳಿದಿದ್ದೇವೆ. ಆದರೆ 1950-60ರ ದಶಕಗಳಲ್ಲಿ ಅಲ್ಲೂ ಕಾರು ಹೆಚ್ಚಿ ಸೈಕಲ್ ಕುಸಿದಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು 3000ಕ್ಕೂ ಹೆಚ್ಚು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದರು. 1973ರಲ್ಲಿ ಎಣ್ಣೆಯ ಬಿಕ್ಕಟ್ಟೂ ಬಂತು. ಆಮೇಲೆ ಕಟ್ಟಿದ್ದು ಇವತ್ತು ನಾವು ಫೋಟೋದಲ್ಲಿ ನೋಡಿ ಹೊಟ್ಟೆಕಿಚ್ಚು ಪಡುವ ಸೈಕಲ್ ದಾರಿಗಳು.

ಹೋಗಿದೆಯಾ ನಿಜವಾಗಿ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಬೈಕು, ಸ್ಕೂಟರು, ಮೊಪೆಡ್ ಎಲ್ಲ ಸೇರಿ ಇದ್ದದ್ದು 21 ಮನೆಗಳಲ್ಲಿ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು, ಮೊದಲು ಬಡ ಕುಟುಂಬಗಳ ಹೆಣ್ಣುಮಕ್ಕಳಿಗೆ, ಆಮೇಲೆ ಹುಡುಗರಿಗೂ. ನನ್ನ ಅಮ್ಮನ ಕಾಲದಲ್ಲಿ ಹೆಣ್ಣುಮಕ್ಕಳು ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಹಾಕಿ ಕೂರುವವರು. ಅವರ ಮೊಮ್ಮಕ್ಕಳ ವಯಸ್ಸಿನವರು ಹಳ್ಳಿ ದಾರಿಯಲ್ಲಿ ಯೂನಿಫಾರ್ಮ್ ಹಾಕಿಕೊಂಡು ಸಾಲಾಗಿ ಬೆಲ್ ಹೊಡೆಯುತ್ತಾ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಷ್ಟು ದಶಕಗಳಲ್ಲಿ ಸೈಕಲ್ಲಿಗೆ ಹೊಸ ಸವಾರರನ್ನು ತಂದ ಕೆಲಸ ಅಂದರೆ ಅದೊಂದೇ ಅನ್ನಿಸುತ್ತದೆ. ಕೊರೋನಾ ಬಂದಾಗ ಅದು ನಿಂತಿತು.

ದೊಡ್ಡವರಲ್ಲೂ ಸೈಕಲ್ ತುಳಿಯುವವರು ಇದ್ದಾರೆ, ನಾವು ನೋಡುವುದಿಲ್ಲ ಅಷ್ಟೆ. ಬೆಳಿಗ್ಗೆ ಆರಕ್ಕೆ ಹೊರಟರೆ ನನಗೆ ಸಿಗುವವರು ಹೋಟೆಲಿನ ಕೆಲಸದವರು, ಗಾರೆ ಕೆಲಸದವರು, ಹೂವು ಮಾರುವವರು, ಕಾವಲುಗಾರರು. ಅವರದ್ದು ಹಳೇ ಅಟ್ಲಾಸ್, ಮಡ್‌ಗಾರ್ಡಿಗೆ ತಂತಿ ಕಟ್ಟಿದ್ದು. ನನ್ನದು ಗೇರ್ ಇರುವ ಸೈಕಲ್, ತಲೆಗೆ ಹೆಲ್ಮೆಟ್. ಗೋಪಿ ಸರ್ಕಲ್ಲಿನಲ್ಲಿ ಕಾರಿನವರು ನನಗೆ ಕೆಲವೊಮ್ಮೆ ದಾರಿ ಬಿಡುತ್ತಾರೆ, ಅವರಿಗೆ ಹಾರ್ನ್ ಹೊಡೆಯುತ್ತಾರೆ. ಒಂದೇ ರಸ್ತೆ, ಎರಡೇ ಚಕ್ರ. ಭದ್ರಾವತಿಯ ಗೇಟಿನ ಮುಂದೆ ಲಾರಿ ನಿಲ್ಲುತ್ತಿದ್ದದ್ದು ಅವರಂಥವರಿಗಾಗಿ ಅನ್ನುವುದು ಆಗೆಲ್ಲ ನೆನಪಾಗುತ್ತದೆ.

2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ತುಂಗೆಯ ದಂಡೆಯಲ್ಲಿ ಓಡಾಡುವ ದಾರಿ ಆಯಿತು. ಸಂತೋಷವೇ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಹೆಸರಿನಲ್ಲಿ 450 ಬಾಡಿಗೆ ಸೈಕಲ್ ಇಟ್ಟಾಗಲೂ ಸಂತೋಷಪಟ್ಟಿದ್ದೆ, ನಮ್ಮ ಹಳೇ ನೋಟ್‌ಬುಕ್ ಅಂಗಡಿಯೇ ಕಾರ್ಡ್ ಹಿಡಿದು ವಾಪಸ್ ಬಂದಂತೆ ಕಂಡಿತ್ತು. ಆದರೆ ನದಿ ದಂಡೆಯ ದಾರಿ ವಾಯುವಿಹಾರಕ್ಕೆ. ಗಾರೆ ಕೆಲಸದವನು ಹೋಗುವುದು ಬಿ.ಎಚ್. ರಸ್ತೆಯಲ್ಲಿ.

ಭಾನುವಾರ ನಾನೂ ವಿಹಾರಕ್ಕೆ ಹೋಗುತ್ತೇನೆ, ಇಲ್ಲ ಅನ್ನಲ್ಲ. ಗಾಜನೂರಿನ ತುಂಗಾ ಅಣೆಕಟ್ಟು, ಇನ್ನೂ ಸ್ವಲ್ಪ ಮುಂದೆ ಸಕ್ರೆಬೈಲಿನ ಆನೆ ಬಿಡಾರ, ಈ ಕಡೆ ತುಂಗೆ ಭದ್ರೆ ಸೇರುವ ಕೂಡ್ಲಿ. ಬೆಳಗಿನ ತಂಪಿನಲ್ಲಿ ಹೋಗಿ ತಿಂಡಿ ಹೊತ್ತಿಗೆ ಮನೆ ಸೇರಬಹುದು. ಹೊಸದಾಗಿ ಶುರು ಮಾಡುವವರಿಗೆ ನನ್ನ ಮಾತು ಇಷ್ಟೇ: ಇಂಥ ದೂರದ ಸವಾರಿಯಿಂದ ಶುರು ಮಾಡಬೇಡಿ. ಹಾಲು, ತರಕಾರಿ, ಆಫೀಸು, ಮಗುವಿನ ಟ್ಯೂಷನ್ನು, ಹೀಗೆ ನಾಲ್ಕು ಕಿಲೋಮೀಟರಿನ ಒಳಗಿನದ್ದಕ್ಕೆ ಸೈಕಲ್ ತೆಗೆಯಿರಿ. ಕ್ಯಾರಿಯರ್ ಇರುವ ಸೈಕಲ್ಲೇ ತಗೊಳ್ಳಿ. ಮಳೆಗಾಲಕ್ಕೆ ಮಡ್‌ಗಾರ್ಡ್ ಬೇಕು, ಸಂಜೆಗೆ ಹಿಂದೆ ಕೆಂಪು ದೀಪ ಬೇಕು.

ಊರಿನಿಂದ ಕೇಳಬೇಕಾದದ್ದೂ ದೊಡ್ಡದೇನಲ್ಲ. ಮಾರ್ಕೆಟ್ ಮುಂದೆ ಒಂದು ಸೈಕಲ್ ಸ್ಟಾಂಡು, ಬಿ.ಎಚ್. ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸದ ಮೂರು ಅಡಿ ಜಾಗ, ಎಂಟನೇ ತರಗತಿಯ ಮಕ್ಕಳಿಗೆ ಮತ್ತೆ ಸೈಕಲ್ಲು. ನಾನು ಪಂಕ್ಚರ್ ಹಾಕಿಸುವ ಅಂಗಡಿಯ ಹಿರಿಯರಿಗೆ ಎಪ್ಪತ್ತು ದಾಟಿದೆ. ರಿಮ್ಮಿನ ಬೆಂಡು ಬರೀ ಬೆರಳು ತಾಗಿಸಿ ಹೇಳುತ್ತಾರೆ. ಅವರ ನಂತರ ಆ ಅಂಗಡಿ ಇರುವುದಿಲ್ಲವಂತೆ, ಮಗ ಮೊಬೈಲ್ ರಿಪೇರಿ ಕಲಿತಿದ್ದಾನೆ. ಆ ಅಂಗಡಿ ಮುಚ್ಚುವ ಮೊದಲು ಒಂದಿಷ್ಟು ಗಿರಾಕಿಗಳನ್ನು ಅವರ ಹತ್ತಿರ ಕಳಿಸಬೇಕು ಅಂತ ಆಸೆ.

ನಿಮ್ಮೂರಲ್ಲಿ ಸೈಕಲ್ ಕತೆ ಹೇಗಿತ್ತು? ಬಿಲ್ಲೆ ಯಾವ ಬಣ್ಣದ್ದಿತ್ತು, ಬಾಡಿಗೆ ಗಂಟೆಗೆ ಎಷ್ಟಿತ್ತು? ನೆನಪಿದ್ದವರು ಬರೆಯಿರಿ. ಬರೆದಿಡದಿದ್ದರೆ ಇವೆಲ್ಲ ನಮ್ಮ ತಲೆಮಾರಿಗೇ ಮುಗಿದುಹೋಗುವ ವಿಷಯಗಳು.