ಗೊಣಗಿ ಉಂಡ ಊಟ, ನೆನೆದು ಬೇಡಿದ ಊಟ

ಅರಸರ ಔತಣಗಳ ವರ್ಣನೆ ಇತಿಹಾಸದ ಪುಟಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಸಾಮಾನ್ಯ ಸಿಪಾಯಿಯೊಬ್ಬನು ಮುಂಜಾನೆ ಏನನ್ನು ಉಂಡು ಕವಾಯತಿಗೆ ಹೊರಟನೆಂಬುದನ್ನು ಬರೆದಿಟ್ಟವರು ವಿರಳ. ಆದರೆ ಅಮೆರಿಕದ ಭೂಸೇನೆಯು 1910ರಲ್ಲಿ ತನ್ನ ಅಡಿಗೆಯವರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ಅಂತಹ ಬಡ ತಿನಿಸೊಂದು ಅಳತೆಯ ಸಮೇತ ಉಳಿದುಕೊಂಡಿದೆ. ಒಣಗಿಸಿದ ದನದ ಮಾಂಸವನ್ನು ಹಾಲು ಬೆರೆಸಿದ ಗಟ್ಟಿ ಗೊಜ್ಜಿನಲ್ಲಿ ಬೇಯಿಸಿ ಟೋಸ್ಟಿನ ಮೇಲೆ ಸುರಿದು ಬಡಿಸುವ ತಿನಿಸು ಅದು.

ಇದರ ಹುಟ್ಟಿಗೆ ಕಾರಣ ಅಭಾವವೇ ಹೊರತು ರುಚಿಯ ಹಂಬಲವಲ್ಲ. ಫ್ರಿಜ್ಜು ಇಲ್ಲದ ಕಾಲದಲ್ಲಿ ಮಾಂಸ ಕೆಡದಂತೆ ಉಳಿಸಲು ಉಪ್ಪು ಹಚ್ಚಿ ಒಣಗಿಸುತ್ತಿದ್ದರು; ಬಳಿಕ ಕಾಗದದಷ್ಟು ತೆಳುವಾಗಿ ಹೆರೆಯುತ್ತಿದ್ದರು. ಹಾಲಿನದೂ ಇದೇ ಕಥೆ. ಗೇಲ್ ಬೋರ್ಡನ್ ಎಂಬಾತನು 1856ರಲ್ಲಿ ಹಾಲನ್ನು ಇಂಗಿಸಿಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆ ಸಿಹಿಹಾಲು ಸೈನಿಕರ ಕೈ ಸೇರಿತು. ಸ್ವಿಟ್ಜರ್ಲೆಂಡಿನಿಂದ ಬಂದ ಜಾನ್ ಮೇಯೆನ್‌ಬರ್ಗ್ 1885ರಲ್ಲಿ ಇಲಿನಾಯ್ ರಾಜ್ಯದ ಹೈಲ್ಯಾಂಡ್ ಊರಿನಲ್ಲಿ ಸಕ್ಕರೆ ಬೆರೆಸದ ಡಬ್ಬಿಹಾಲಿನ ತಯಾರಿಕೆ ಆರಂಭಿಸಿದನು. ಹಸುವಿಲ್ಲದ ಪಾಳೆಯದಲ್ಲೂ ಹಾಲಿನ ಅಡಿಗೆ ಸಾಧ್ಯವಾಯಿತು.

ಕೈಪಿಡಿಯ ಲೆಕ್ಕವನ್ನು ಗಮನಿಸಿರಿ. ಅರವತ್ತು ಮಂದಿಗೆ 15 ಪೌಂಡು ಮಾಂಸ, ಎಂದರೆ ತಲೆಗೆ ಸುಮಾರು 113 ಗ್ರಾಂ. ಹಾಲು ಹನ್ನೆರಡು ಔನ್ಸಿನ ಎರಡೇ ಡಬ್ಬಿ! ಕೊರತೆಯನ್ನು ತುಂಬಿದ್ದು ಆರು ಕ್ವಾರ್ಟ್ ಮಾಂಸದ ಸಾರು ಮತ್ತು ಕೊಬ್ಬಿನಲ್ಲಿ ಕೆಂಪಗೆ ಹುರಿದ ಒಂದೂಕಾಲು ಪೌಂಡು ಹಿಟ್ಟು. ಇಷ್ಟರ ನಡುವೆ ಸಣ್ಣಗೆ ಹೆಚ್ಚಿದ ಒಂದು ಕಟ್ಟು ಪಾರ್ಸ್ಲಿ ಸೊಪ್ಪನ್ನೂ ಸೇರಿಸಲು ಅದು ಸೂಚಿಸುತ್ತದೆ. ಮಿತವ್ಯಯದ ಲೆಕ್ಕದಲ್ಲಿಯೂ ಉಣ್ಣುವವನು ಮನುಷ್ಯನೆಂಬುದನ್ನು ಯಾರೋ ಮರೆತಿರಲಿಲ್ಲ.

ಮನೆಗಳಲ್ಲಿ ಮಾಡುವ ವಿಧಾನ ಇನ್ನೂ ಸರಳ. ಮಾಂಸದ ಎಳೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಹೆಚ್ಚಿನ ಉಪ್ಪನ್ನು ತೆಗೆದು, ಬೆಣ್ಣೆಯಲ್ಲಿ ಬಾಡಿಸಬೇಕು. ಮೇಲೆ ಮೈದಾ ಉದುರಿಸಿ, ಹಸಿವಾಸನೆ ಹೋದ ಮೇಲೆ ಹಾಲನ್ನು ಸ್ವಲ್ಪಸ್ವಲ್ಪವಾಗಿ ಎರೆಯುತ್ತ ಗಂಟಾಗದಂತೆ ಕೈಯಾಡಿಸಬೇಕು. ಗಟ್ಟಿಯಾದಾಗ ಮೆಣಸಿನಪುಡಿ ಸಾಕು. ಉಪ್ಪು ಮಾಂಸದಲ್ಲಿಯೇ ಇರುತ್ತದೆ.

ಎರಡನೆಯ ಮಹಾಯುದ್ಧದ ಸೈನಿಕರು ಇದನ್ನು ಮತ್ತೆ ಮತ್ತೆ ಉಂಡು ಬೇಸತ್ತರು. ಅವರು ಇದಕ್ಕೆ ಇಟ್ಟ ಅಡ್ಡಹೆಸರು ಎಸ್.ಓ.ಎಸ್.; ಅದರ ವಿಸ್ತರಣೆ ಈ ಪತ್ರಿಕೆಯಲ್ಲಿ ಮುದ್ರಿಸುವಂಥದಲ್ಲ. ಆದರೆ ಮುಂದೆ ನಡೆದದ್ದು ಸೋಜಿಗ. ಮತ್ತೆಂದೂ ಮುಟ್ಟೆವೆಂದವರು ಕೆಲವರಾದರೆ, ಮನೆಗೆ ಮರಳಿ ಅದನ್ನೇ ಮಾಡಿಕೊಡೆಂದು ಮಡದಿಯರನ್ನು ಕೇಳಿದವರೂ ಇದ್ದರು. ಪೆನ್ಸಿಲ್ವೇನಿಯಾದ ಉಪಾಹಾರ ಗೃಹಗಳಲ್ಲಿ ಇಂದಿಗೂ ಅದು ಬೆಳಗಿನ ತಿಂಡಿ. ಅವರು ಬೇಡಿದ್ದು ಬರಿಯ ರುಚಿಯನ್ನಲ್ಲ. ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು, ಮರಳಿ ಬಾರದೆ ಹೋದ ಗೆಳೆಯರ ನೆನಪನ್ನು ಕೂಡ.

ಗೊಣಗಾಟ ಹೊಸದೇನಲ್ಲ. ಮರುಭೂಮಿಯಲ್ಲಿ ಮನ್ನವನ್ನುಂಡು ಬೇಸತ್ತ ಇಸ್ರಯೇಲರು ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿಗಳನ್ನು ನೆನೆದು ಅತ್ತುದನ್ನು ಸಂಖ್ಯಾಕಾಂಡ ಹೇಳುತ್ತದೆ. ದಾಸ್ಯದ ಕಹಿಯನ್ನು ಅವರು ಮರೆತಿದ್ದರು. ಆದರೂ ಅದೇ ಮನ್ನವನ್ನು ಒಂದು ಪಾತ್ರೆಯಲ್ಲಿ ತುಂಬಿ ಮುಂದಿನ ಪೀಳಿಗೆಗಳಿಗಾಗಿ ಕಾದಿರಿಸಲು ಮೋಶೆಯು ಆರೋನನಿಗೆ ಹೇಳಿದನೆಂದು ವಿಮೋಚನಕಾಂಡದಲ್ಲಿ ಓದುತ್ತೇವೆ. ಬಾಯಿ ತಿರಸ್ಕರಿಸಿದುದನ್ನು ವಿಶ್ವಾಸವು ಜೋಪಾನ ಮಾಡಿತು.

ನಿಮ್ಮ ಮನೆಯಲ್ಲಿಯೂ ಕಷ್ಟದ ದಿನಗಳ ಒಂದು ಊಟವಿದ್ದೀತು. ಗಂಜಿಯೋ, ಒಣಮೀನಿನ ಸಾರೋ. ಬಡತನದ ಗುರುತೆಂದು ನಾಚಿ ಅದನ್ನು ಮಕ್ಕಳಿಂದ ಮರೆಮಾಡದಿರಿ. ವರ್ಷಕ್ಕೊಮ್ಮೆಯಾದರೂ ಮಾಡಿ ಬಡಿಸಿ, ಅದನ್ನು ಬೇಯಿಸಿ ನಿಮ್ಮನ್ನು ಸಾಕಿದ ಕೈಗಳ ಹೆಸರನ್ನು ಹೇಳಿರಿ. ಊಟದ ಮುನ್ನ ನಾವು ಸಲ್ಲಿಸುವ ಪ್ರಾರ್ಥನೆಗೆ ಆಗ ಇನ್ನಷ್ಟು ಅರ್ಥ ಬಂದೀತು.